ಹಿಂದ ಜಾಗ ಐತಲ್ಲ!

ನಿನ್ನೆ ರವಿವಾರ ಮುಂಜಾನೆ ಮನಿ ಮುಂದ ನನ್ನ ಹಳೇ ವ್ಯಾಗನ್ ಕಾರು (ಡಿಕ್ಕಿ ಸೀಟಿನ ಕೂಡನ ಸೇರಿದ ಉದ್ದ ಬೆನ್ನಿನ ಗಾಡಿ) ತೊಳ್ಯಾಕತ್ತಿದ್ದೆ. ನಮ್ಮ ಓಣಿ ಕಾಕಾ ಒಬ್ಬರು (ಹೆಸರು ಹೇಳೂದಿಲ್ಲ, ಅವರ ಮಗ ಇಲ್ಲೇ ನನ್ನ ಫ್ರೆಂಡ್ ಲಿಸ್ಟ್‌ನ್ಯಾಗ ಅದಾನ, ಓದಿ ಮುಟ್ಟಸ್ತಾನ) ಹಾಲಿನ ಪಾಕೀಟ ಹಿಡಕೊಂಡು ಹೊಂಟವರು ನಿಂತಬಿಟ್ರು. ಗಾಡಿ ಸುತ್ತ ಒಂದ್ ಸುತ್ತ ಹಾಕಿದ್ರು. ಮತ್ತೊಂದ್ ಸುತ್ತ ಹಾಕಿದ್ರು. ಬಗ್ಗಿ ಒಳಗ ನೋಡಿದ್ರು. "ಹಿಂದಿನ ಬಾಗಲಾ ಒಂಚೂರ್ ತಗೀ ತಮ್ಮಾ" ಅಂದ್ರು, ತಗದೆ. ನಾ ಖರೇ ಹೇಳ್ತೀನಿ, ಎದಿ ಅರಳ್ತು ನಂದು. ಹನ್ನೆರಡ ವರ್ಷ ಆತು ಈ ಗಾಡಿ ತಗೊಂಡು, ಈ ಓಣ್ಯಾಗ ಒಬ್ಬ ಮನಶಾ ಇದನ್ನ ಕಣ್ಣಾಗ ಕಣ್ಣಿಟ್ಟು ನೋಡಿದ್ದಿಲ್ಲ. ಕೈಯಾನ ಪೈಪ್ ಒಗದು ಶುರು ಮಾಡೇ ಬಿಟ್ಟೆ, ಕಾಕಾ ಇದು 1590 ಸಿಸಿ, ಹದಿನಾರು ವಾಲ್ವು, ಮುಂದ ಸ್ಟ್ರಟ್ ಬಾರ್ ಹಾಕೀನಿ, ಸ್ಪ್ರಿಂಗ್ ಬ್ಯಾರೇವು, ನಲವತ್ತ ಎಂಎಂ ಕೆಳಗ ಇಳಿಸೀನಿ... ಕಾಕಾ ಹೂಂ ಹೂಂ ಅಂತ ಗೋಣ ಹಾಕಿದ್ರು, "ತಡೀ ಬಂದೆ" ಅಂತ ಮನಿಗೆ ಹೋದ್ರು.

ಬರೂವಾಗ ಕೈಯಾಗ ಟೇಪ್ ಇತ್ತು. ಅಳಿಯೂ ಟೇಪ್.

ಹಿಂದಿನ ಸೀಟ್ ಮಡಚಸಿದ್ರು, ಅಳತೀ ಹಿಡದ್ರು. "ಐದೂವರಿ ಫೂಟ್ ಬರ್ತೈತಿ. ತಿಜೋರಿ, ಅದ ಕಬ್ಬಿಣದ ಕಪಾಟು, ಆರ್ ಫೂಟಿಂದು. ಅರ್ಧ ಫೂಟ್ ಹೊರಗ ಉಳದ್ರ ಹಗ್ಗ ಕಟ್ಟಿದ್ರಾತು. ಹುಕ್ಕೇರಿಗೆ ಮಗಳ ಮನಿಗೆ ಮುಟ್ಟಸೂದೈತಿ, ಟೆಂಪೋದವ ಎರಡೂವರಿ ಸಾವಿರ ಕೇಳಾಕತ್ತಾನ, ನಿಂದು ಹೆಂಗೂ ಹಿಂದ ಜಾಗ ಐತಲ್ಲ!"

ಹಿಂದ ಜಾಗ ಐತಲ್ಲ. ಹಿಂದ ಜಾಗ ಐತಲ್ಲ. ಹಿಂದ ಜಾಗ ಐತಲ್ಲ. ಈ ಮೂರ್ ಶಬ್ದ ಕೇಳಿ ಕೇಳಿ ನನ್ನ ಕಿವಿ ತೂತ ಬಿದ್ದಾವ. ಗಣಪತಿ ಬಂದ್ರ ಓಣಿ ಹುಡುಗ್ರು ಮೂರ್ತಿ ತರಾಕ ನನ್ನ ಬಾಗಲಾ ಬಡೀತಾರ. ಅತ್ತಿಗೆ ಊರಿಂದ ಜ್ವಾಳದ ಚೀಲ ಬರಬೇಕಂದ್ರ ನಾ. ತಂಗಿ ಮನಿ ಶಿಫ್ಟ್ ಆದ್ರ ನಾ. ಸೋದರಮಾವನ ಮಗನ ಮದವಿಗೆ ಬಾಡಿಗಿ ಭಾಂಡೆ, ಎರಡ್ ಗ್ಯಾಸ್ ಒಲಿ, ಕುಂದಾದ ಇಪ್ಪತ್ತೈದ್ ಡಬ್ಬಿ, ಮ್ಯಾಲ ಅಡಿಗಿಯವ, ಆ ಅಡಿಗಿಯವನ ಸಟ್ಟುಗಾ ಸುದ್ದಾ ನನ್ನ ಗಾಡ್ಯಾಗನ ಬಂದಾವ, ಮದವಿ ಮನ್ಯಾಗ ನನಗ ಯಾರೂ "ಬಂದ್ರಿ? ಬರ್ರಿ" ಅನ್ನಲಿಲ್ಲ, "ಒಲಿ ಬಂದ್ವು" ಅಂದ್ರು. ಸ್ವಂತ ತಮ್ಮ ಆಫೀಸಿಗೆ ಹೋಗೂ ಗಾಡಿ ತೊಳದು ಪಾಲಿಶ್ ಮಾಡಿಕೊಂಡು ಮಿರಿಮಿರಿ ಮಾಡ್ಯಾನ, ಅವಂಗ ಒಬ್ಬರೂ ಒಂದ್ ಕೊತ್ತಂಬರಿ ಸೂಡು ಸುದ್ದಾ ತಂದಕೊಡು ಅನ್ನೂದಿಲ್ಲ. ಅವಂದು ಕಾರು. ನಂದು ಜಾಗ.

ಹೊಸದಾಗಿ ಫ್ರೆಂಡ್ ಆದವರಿಗೆ ಗೊತ್ತಿರಲಿಕ್ಕಿಲ್ಲ, ನನ್ನ ಹತ್ರ ಇರೂದು ಮಾರುತಿ ಬಲೆನೋ ಆಲ್ಟುರಾ, 2002ರ ಗಾಡಿ. "ಅಯ್ಯ, ಬಲೆನೋ ನಮ್ಮ ಅಳಿಯಂದೂ ಐತಿ" ಅಂತ ಕಮೆಂಟ್ ಹಾಕಬ್ಯಾಡ್ರಿ ಮತ್ತ. ಅದು 2015ಕ್ಕ ಬಂದ ಹ್ಯಾಚ್‌ಬ್ಯಾಕು, ಹೆಸರ್ ಅಷ್ಟ ಎರವಲು ತಗೊಂಡೈತಿ. ಮೊದಲನೇ ಬಲೆನೋ ಇಲ್ಲಿ ಬಂದಿದ್ದು 1999ರ ಕಡೀಕ, ಸೆಡಾನ್, ಅದರದ ಉದ್ದ ಬೆನ್ನಿನ ವ್ಯಾಗನ್ನ ಆಲ್ಟುರಾ. ಇದ ಗಾಡಿ ಅಮೆರಿಕಾದಾಗ ಎಸ್ಟೀಮ್ ಅನ್ನೂ ಹೆಸರಿನಾಗ ಓಡ್ತು, ನಮ್ಮಲ್ಲಿ ಎಸ್ಟೀಮ್ ಅಂದ್ರ ಬ್ಯಾರೇನ ಗಾಡಿ. ಈ ಹೆಸರಿನ ಗದ್ದಲದಾಗ ನಾ ಎಷ್ಟ್ ಒದ್ದಾಡೀನಿ ಅಂದ್ರ, ಅಂಗಡಿಗೆ ಹೋಗಿ ಬಲೆನೋ ಬ್ರೇಕ್ ಪ್ಯಾಡ್ ಕೊಡ್ರಿ ಅಂದ್ರ ಹೊಸಾದು ಕೊಡ್ತಾರ, ಹಳೇ ಬಲೆನೋ ಅಂದ್ರ ನಾಕ್ ವರ್ಷದ ಹಳೇದಂತ ತಿಳಕೊಂತಾರ, ಆಲ್ಟುರಾ ಅಂದ್ರ ಕೌಂಟರಿನ ಹುಡುಗ "ಅಂಕಲ್ ಅಲ್ಟೋನಾ?" ಅಂತಾನ. ಇಂವಾ ಹುಟ್ಟೂದರಾಗ ಆ ಗಾಡಿ ಬಂದಾಗಿ ಹೋಗೈತಿ, ಪಾಪ ಅವಂದೇನ್ ತಪ್ಪು. 2007ಕ್ಕ ಅದ ಕಂಪನಿದು ಹೊಸಾ ಸೆಡಾನ್ ಎಸ್‌ಎಕ್ಸ್4 ಬಂತು, ಬಲೆನೋ ಸೆಡಾನೂ ಹೋತು.

ನಮ್ಮ ದೇಶದಾಗ ವ್ಯಾಗನ್ ಒಂದೂ ಬಾಳಲಿಲ್ಲ ನೋಡ್ರಿ. ಟಾಟಾ ಎಸ್ಟೇಟ್, ಕೋರ್ಸಾ ಸ್ವಿಂಗ್, ಇಂಡಿಗೋ ಮರೀನಾ, ಆಕ್ಟೇವಿಯಾ ಕಾಂಬಿ, ಎಲ್ಲಾ ಬಂದ್ವು, ಹೋದ್ವು. ಬೆನ್ನ ಉದ್ದ ಇದ್ದ ಗಾಡಿ ಕಂಡ್ರ ನಮ್ಮ ಮಂದಿಗೆ ಆಂಬುಲೆನ್ಸ್ ನೆನಪಾಗ್ತೈತಿ, ಇಲ್ಲಾ ಅದಕಿಂತ ಮುಂದಿನ ಗಾಡಿ ನೆನಪಾಗ್ತೈತಿ. ಅದನ್ನ ಇಲ್ಲೆ ಬರ್ಯೂದಿಲ್ಲ, ನಮ್ಮ ಆಯಿ ಬೈತಾಳ.

ಈಗ ಒಂದ್ ಮಾತು ಒಪ್ಪಿಕೋಬೇಕು. ಗಾಡ್ಯಾಗ ಇವತ್ತ ಏನೇನ್ ತೊಂದರಿ ಅದಾವೋ ಅದರಾಗ ಕಂಪನಿದು ಏನೂ ಪಾಲಿಲ್ಲ. ಅವರು ಛಲೋ ಗಾಡಿ ಮಾಡಿ ಕೊಟ್ಟಿದ್ರು, ತಿಂದ ಅನ್ನ ಅಳ್ಳಾಡಲಾರದಂಗ ಹೋಗೂ ಗಾಡಿ. ಕೆಡಿಸಿದಾವ ನಾ. ಸ್ಪ್ರಿಂಗ್ ಕತ್ತರಸಿಲ್ಲ ಹಾ, ಅಂಥಾ ಪಾಪದ ಕೆಲಸ ನಾ ಮಾಡಾಂವಲ್ಲ, ಸರಿಯಾದ ಲೋವರಿಂಗ್ ಸ್ಪ್ರಿಂಗ್ ತರಿಸೇ ಹಾಕೀನಿ. ಗಾಲಿ ಒಂದ್ ಇಂಚ್ ದೊಡ್ಡವು. ಈಗ ಟೈರಿಗೂ ಫೆಂಡರಿಗೂ (ಗಾಲಿ ಮ್ಯಾಲಿನ ತಗಡು) ನಡಬರಕ ಎರಡ ಬಟ್ಟ ಹೋಗ್ತಾವ. ನೋಡಾಕ ಎಷ್ಟ್ ಛಂದ ಅಂದ್ರ ನಾ ಗಾಡಿ ಪಾರ್ಕ್ ಮಾಡಿ ಹತ್ತ ಹೆಜ್ಜಿ ಹೋಗಿ ಹೊಳ್ಳಿ ನೋಡ್ತೀನಿ, ಹೇಣ್ತಿ ಸಂತಿ ಚೀಲ ಹಿಡಕೊಂಡು "ಅದೇನ್ ಓಡಿ ಹೊಕ್ಕೈತೇನ್ರಿ, ನಡೀರಿ" ಅಂತಾಳ. ಆದ್ರ ಹಿಂದ ಐವತ್ತ ಕೇಜಿ ಇಟ್ಟರ ಆ ಎರಡ್ ಬಟ್ಟ ಒಂದ ಬಟ್ಟ ಆಗ್ತೈತಿ. ನೂರ್ ಕೇಜಿ ಇಟ್ಟರ ಪ್ರತಿ ಹಂಪ್ಸಿಗೂ ಟೈರು ಫೆಂಡರಿನ ಒಳಗ ಕರ್ರ್ ಅಂತ ತಿಕ್ಕತೈತಿ. ಸಾಮಾನ ಹೇರಲಿ ಅಂತ ಜಪಾನದವರು ಮಾಡಿದ ಗಾಡಿ, ಸಾಮಾನ ಹೇರಿದ್ರ ಓಡಲಾರದಂಗ ನಾ ಮಾಡೀನಿ. ಇದನ್ನ ಯಾರಿಗಾದ್ರೂ ಬಾಯಿಬಿಟ್ಟು ಹೇಳೂದು ಹೆಂಗ? ಕಾಕಾಗ ಹೇಳಿದ್ರ "ಹಂಗಾರ ಯಾಕ್ ಮಾಡ್ದಿ?" ಅಂತಾರ. ಆ ಪ್ರಶ್ನಿಗೆ ನನ್ನ ಹತ್ರ ಉತ್ತರಿಲ್ಲ.

ಮತ್ತ ಆ ಫ್ರೀ ಫ್ಲೋ ಸೈಲೆನ್ಸರು. ಹುರುಪಿನಾಗ ಹಾಕಿಸಿದೆ. ಸೆಡಾನಿಗೆ ಡಿಕ್ಕಿಗೂ ಸೀಟಿಗೂ ನಡುವ ಗ್ವಾಡಿ ಇರ್ತೈತಿ, ಸಪ್ಪಳ ಅಲ್ಲೇ ಉಳೀತೈತಿ. ವ್ಯಾಗನ್ನಿಗೆ ಗ್ವಾಡೀನ ಇಲ್ಲ, ಡ್ರೈವರ್ ಬೆನ್ನಿಂದ ಹಿಂದಿನ ಕಾಜಿನ ತನಕ ಒಂದ ಖೋಲಿ. ತೊಂಬತ್ತು ನೂರರ ಸ್ಪೀಡ್ನ್ಯಾಗ ಸೈಲೆನ್ಸರಿನ ಗುಂಗ್ ಆ ಖೋಲ್ಯಾಗ ತುಂಬಕೊಂಡು ಡೊಳ್ಳಿನ ಹೊಟ್ಟ್ಯಾಗ ಕುಂತಂಗ ಆಗ್ತೈತಿ. ಧಾರವಾಡ ಮುಟ್ಟೂದರಾಗ ತಲಿ ಜುಮ್. ಎಂಬತ್ತಕ್ಕ ಸುಮ್ಮ ಆಗ್ತೈತಿ, ನೂರಾಹತ್ತಕ್ಕ ಸುಮ್ಮ ಆಗ್ತೈತಿ, ನಾವ್ ಹೋಗೂ ಸ್ಪೀಡಿಗೇ ಅದಕ್ಕ ಭಜನಿ. ಮಗಳು ಇಯರ್‌ಫೋನ್ ಹಾಕ್ಕೊಂಡು ಕುಂದರ್ತಾಳ. ಇನ್ನ ಎಫ್‌ಸಿ (ಗಾಡಿ ಫಿಟ್‌ನೆಸ್ ತಪಾಸಣೆ) ಬಂತಂದ್ರ ಹಳೇ ಸೈಲೆನ್ಸರ್ ಹಾಕೂದು, ಆಮ್ಯಾಲ ಬಿಚ್ಚೂದು, ಇದೊಂದ್ ವ್ರತ. 2019ಕ್ಕ ಸುಪ್ರೀಂ ಕೋರ್ಟು ಕಂಪನಿ ಮಾಡಿದ ಮೂಲ ಸ್ವರೂಪ ಬದಲಿ ಮಾಡಂಗಿಲ್ಲ ಅಂತ ಹೇಳಿದ ಮ್ಯಾಲಂತೂ ಪೊಲೀಸರ ಟೋಪಿ ಕಂಡ್ರ ನಾ ಸೆಕೆಂಡ್ ಗೇರಿನಾಗ ಮಠದ ಸ್ವಾಮಿಗಳಂಗ ಹೋಗ್ತೀನಿ. ಹದಿನೈದ್ ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕ 600 ರೂಪಾಯಿ ಇದ್ದದ್ದು 2022ಕ್ಕ 5,000 ಆತು, ಅದನ್ನೂ ತುಂಬೀನಿ, ಹೇಣ್ತಿಗೆ 600 ಅಂತನ ಹೇಳೀನಿ. (ಅಕಿ ಫೇಸ್‌ಬುಕ್ ನೋಡೂದಿಲ್ಲ. ಯಾರೂ ಟ್ಯಾಗ್ ಮಾಡಬ್ಯಾಡ್ರಿ.)

ಮಂದಿ ಸಾಮಾನ ಹೇರಾಕ ಬಂದ್ರ ನಂಗ ಯಾಕ ಇಷ್ಟ ಸಿಟ್ಟು ಅಂತ ಕೇಳ್ತೀರಿ. ಕಾರಣ ಸ್ಪ್ರಿಂಗ್ ಒಂದ ಅಲ್ಲ. ಹಿಂದಿನ ಲೈಟು. ಆಲ್ಟುರಾದ ಮುಖ ಸೆಡಾನಿಂದನ, ಮುಂದ ಬಡದ್ರ ಗುಜರಿಯೊಳಗರ ಹುಡುಕಿ ತರಬಹುದು. ಹಿಂದಿಂದು ಮಾತ್ರ ಇದರದ ಸ್ವಂತ. ಲೈಟು, ಬಾಗಲಾ, ಕಾಜು, ಒಂದೂ ಬ್ಯಾರೆ ಗಾಡಿದು ಕುಂದರೂದಿಲ್ಲ, ಹೊಸಾವು ಎಲ್ಲೂ ಇಲ್ಲ. ಎಡಗಡೆ ಲೈಟು ಕೊಲ್ಲಾಪುರದ ಗುಜರಿಯೊಳಗ ಮೂರ್ ಸಲ ಅಡ್ಡಾಡಿ ತಂದದ್ದು. ಅದರ ಬಾಜೂಕ ಯಾರರ ಕಬ್ಬಿಣದ ಮಂಚ ಎತ್ತಿ ಹಿಡಕೊಂಡು "ಏ ಎಡಕ್ಕ ತಗೋ, ಬಲಕ್ಕ ತಗೋ" ಅಂತ ಒದರಾಡೂವಾಗ ನನ್ನ ಜೀವ ಗಂಟಲಿಗೆ ಬಂದಿರ್ತೈತಿ, ಅವರು "ಯಾಕ್ರಿ ಮಾರಿ ಹಂಗ ಮಾಡೀರಿ, ಮಾಡಲಿಕ್ಕ ಮನಸಿಲ್ಲಂದ್ರ ಹೇಳ್ರಿ" ಅಂತಾರ.

ಹಿಂದಿನ ಬಾಗಲಾ ಎತ್ತಿ ಹಿಡಿಯೂ ಗ್ಯಾಸಿನ ಕಡ್ಡಿ ಎರಡೂ ಜೀವ ಬಿಟ್ಟಾಗ ಎರಡ್ ವರ್ಷ ಒಂದ್ ಕೋಲು ಆನಿಸಿಟ್ಟು ನಡಸೀನಿ. ಆ ಕೋಲಿಗೆ ನಮ್ಮ ಮನ್ಯಾಗ ಹೆಸರೂ ಇತ್ತು, ದಂಡಪಾಣಿ. ಒಮ್ಮೆ ಗಣಪತ ಗಲ್ಲಿಯೊಳಗ ದಂಡಪಾಣಿ ಜಾರಿ ಬಾಗಲಾ ನನ್ನ ತಲಿ ಮ್ಯಾಲ ಬಿತ್ತು, ಮೂರ್ ಹೊಲಗಿ. ಕಡೀಕ ಉದ್ಯಮಬಾಗದಾಗ ಒಬ್ಬ ಲೇಥಿನ ಮಿಸ್ತ್ರಿ ಬ್ಯಾರೆ ಗಾಡಿ ಕಡ್ಡಿ ತಗೊಂಡು, ಉದ್ದ ಅಳದು, ಎರಡೂ ತುದಿಗೆ ಹೊಸಾ ಕಣ್ಣ ತಿರುಗಿಸಿ ಕೂಡಿಸಿಕೊಟ್ಟ. ನಮ್ಮ ಬೆಳಗಾವಿ ಇದೊಂದಕ್ಕ ಸಾವಿರ ನಮಸ್ಕಾರ ಹೊಡೀಬೇಕು. ಫೌಂಡ್ರಿ, ಲೇಥು, ಮಿಲ್ಲಿಂಗು, ಕಣ್ಣಿಗೆ ಕಾಣಲಾರದಷ್ಟ ಫರಕ್ ಹಿಡಿಯೂ ಕೈಗಳು ಇಲ್ಲಿ ಅದಾವ. ಬ್ಯಾರೆ ಊರಾಗ ಪಾರ್ಟ್ ಸಿಗಲಿಲ್ಲಂದ್ರ ಗಾಡಿ ಗುಜರಿಗೆ ಹೋಗ್ತೈತಿ, ನಮ್ಮೂರಾಗ ಪಾರ್ಟ್ ಸಿಗಲಿಲ್ಲಂದ್ರ ಮಿಸ್ತ್ರಿ "ಸ್ಯಾಂಪಲ್ ತಂದೀರೇನ್ರಿ?" ಅಂತಾನ, ಅಷ್ಟ. ಸಸ್ಪೆನ್ಷನ್ನಿನ ಎರಡ್ ಬುಶ್ಶೂ ಅವನ ಮಾಡಿದ್ದು. ರೊಕ್ಕ ತಗೋರಿ ಅಂದ್ರ ನಕ್ಕ. ನಾನೂ ಹಿಗ್ಗಿದೆ, ಮನಶಾ ಅಂದ್ರ ಹಿಂಗಿರಬೇಕು ಅಂತ. ಆಮ್ಯಾಲ ಕೇಳಿದ, "ಸಾಹೇಬ್ರ, ನಮ್ಮದೊಂದ್ ಮೋಟರ್ ಖಾನಾಪುರಕ್ಕ ಬಿಡೂದಿತ್ತು, ನಿಮ್ಮದರಾಗ ಹಿಂದ ಜಾಗ..."

ಬಿಟ್ಟು ಬಂದೆ ಮತ್ತ. ಏನ್ ಮಾಡೂದು.

ಇನ್ನೊಂದ್ ಜಾತಿ ಮಂದಿ ಅದಾರ, ಅವರನ್ನ ಕಂಡ್ರ ಈ ಸಾಮಾನಿನ ಮಂದೀನ ವಾಸಿ ಅನಸ್ತೈತಿ. ಗಾಡಿ ನೋಡಿ ಅಗದೀ ಪ್ರೀತಿಲೆ ಬರ್ತಾರ, ಬಾನೆಟ್ ತಗೀರಿ ಅಂತಾರ, ಎಂಜಿನ್ ನೋಡಿ "ಆಹಾ ಜಿ16!" ಅಂತಾರ, ನನ್ನ ಕಣ್ಣಾಗ ನೀರ ಬರೂದ ಬಾಕಿ. ಮುಂದಿನ ಮಾತು: "ಎಂಜಿನ್ ಅಷ್ಟ ಕೊಡ್ತೀರೇನ್ರಿ? ನಮ್ಮ ಜಿಪ್ಸಿಗೆ ಹಾಕಸ್ತೀವಿ." ಜಿಪ್ಸಿದು 1.3 ಲೀಟರ್ ಎಂಜಿನ್, ಇದು 1.6, ರ‍್ಯಾಲಿ ಹುಚ್ಚಿನವರು ಹಿಂದಿನಿಂದಲೂ ಬಲೆನೋ ಎಂಜಿನ್ ಕಿತ್ತು ಜಿಪ್ಸಿಗೂ ಎಸ್ಟೀಮಿಗೂ ಹಾಕ್ಕೊಂತ ಬಂದಾರ. ಅದಕ್ಕ ಹಳೇ ಬಲೆನೋ ಉಳದಿಲ್ಲ, ಅದರ ಹೃದಯ ಎಲ್ಲೆಲ್ಲೋ ಗುಡ್ಡ ಹತ್ತಾಕತ್ತೈತಿ. ಗೋವಾ ನಂಬರಿನ ಒಬ್ಬ ಹುಡುಗ ಬೆಳಗಾವಿ ಕ್ಯಾಂಪಿನಾಗ ಸಿಗ್ನಲ್ ಬಿಟ್ರೂ ಬಿಡಲಾರದ ಬೆನ್ನ ಹತ್ತಿ ಬಂದು ಕೇಳ್ಯಾನ. ಒಬ್ಬರಿಗೆ ಹಿಂದಿನ ಜಾಗ ಬೇಕು, ಒಬ್ಬರಿಗೆ ಮುಂದಿನ ಎಂಜಿನ್ ಬೇಕು. ನಡುವ ಕುಂತಾವ ಯಾರಿಗೂ ಬ್ಯಾಡ.

ನನ್ನ ಹೈಸ್ಕೂಲ್ ಗೆಣೆಯ ಒಬ್ಬಾಂವ ಶಹಾಪುರದಾಂವ, ಈಗ ನ್ಯೂಜಿಲೆಂಡಿನ ಆಕ್ಲೆಂಡ್‌ನ್ಯಾಗ ಅದಾನ. ಜಪಾನದಾಗೂ ಅಲ್ಲೂ ನಮ್ಮಂಗ ಎಡಗಡೆ ರಸ್ತೆ, ಅದಕ್ಕ ಜಪಾನಿನ ಬಳಸಿದ ಗಾಡಿ ಹಡಗಿನಾಗ ತುಂಬಕೊಂಡು ಅಲ್ಲಿಗೆ ಬರ್ತಾವ. ಅವನ ಹತ್ರ ಸುಬಾರು ಲೆಗಸಿ ವ್ಯಾಗನ್ ಐತಿ, ಜಿಟಿ-ಬಿ, ಎರಡ್ ಟರ್ಬೊ, 280 ಪಿಎಸ್. ನಂದು ಹೊಸಾದಿದ್ದಾಗ ತೊಂಬತ್ತರ ಮ್ಯಾಲ ನಾಕ್ ಹಾರ್ಸ್ ಇತ್ತು, ಈಗ ಅದರಾಗ ಹತ್ತ ಕುದರಿ ಪೆನ್ಷನ್ ತಗೊಂಡಾವ ಅಂತ ನನ್ನ ಅಂದಾಜು. ಅವಾಗೆಲ್ಲಾ ಜಪಾನಿನ ಕಂಪನಿಗಳು 280 ದಾಟೂದು ಬ್ಯಾಡ ಅಂತ ತಮ್ಮ ತಮ್ಮೊಳಗ ಮಾತ ಮಾಡಿಕೊಂಡಿದ್ವು, 2004ರ ತನಕ ನಡೀತು ಅದು. ನಿಸ್ಸಾನಿನ ಸ್ಟೇಜಿಯಾ 260ಆರ್‌ಎಸ್ ಅಂತ ಒಂದ್ ವ್ಯಾಗನ್ ಐತಿ, ಅದರಾಗ ಸ್ಕೈಲೈನ್ ಜಿಟಿ-ಆರ್ ಎಂಜಿನ್ನ ಇಟ್ಟಾರ, ಅದರ ಫೋಟೋ ಅವನೂ ನಾನೂ ರಾತ್ರಿ ಹನ್ನೊಂದಕ್ಕ ಒಬ್ಬರಿಗೊಬ್ಬರು ಕಳಸ್ತೀವಿ, ಬ್ಯಾರೆ ಗಂಡಸರು ಏನೇನೋ ಕಳಸ್ತಾರ, ನಾವು ಇದನ್ನ.

ಇಷ್ಟೆಲ್ಲಾ ಇದ್ದವನ ಗೋಳ ಏನು ಕೇಳ್ರಿ. ಮೊದಲನೇ ಟರ್ಬೊ ದಮ್ಮ ಮುಗಿದು ಎರಡನೇದು ಎಚ್ಚರ ಆಗೂತನಕ ನಡುವ ಒಂದ್ ತಗ್ಗು ಬರ್ತೈತಂತ, ಆ ಗಾಡಿ ಮಂದಿ ಅದಕ್ಕ ಸಾವಿನ ಕಣಿವಿ ಅಂತಾರಂತ, ಓವರ್‌ಟೇಕ್ ಮಾಡಾಕ ಹೋದಾಗ ಸರಿಯಾಗಿ ಅದರಾಗ ಬೀಳ್ತಾನ. ಎಂಜಿನ್ ಅಡ್ಡ ಮಲಗಿದ್ದು, ಪ್ಲಗ್ ಎರಡೂ ಮಗ್ಗಲಕ ಚಾಸಿ ಗೋಡಿಗೆ ಹತ್ತಿದಂಗ ಅದಾವ, ಬದಲಿ ಮಾಡೂದರಾಗ ಬೆರಳಿನ ಚರ್ಮ ಕಿತ್ತು ಬರ್ತೈತಿ. ಪೆಟ್ರೋಲ್ ಅಂತೂ ಕುಡಕ ಮಾವ ಕುಡದಂಗ. ಎಲ್ಲಾ ಕೇಳಿ ನಾ ಸಮಾಧಾನ ಹೇಳಾಕ ಹೋದೆ, ಅಂವಾ ಅಂದ, "ಅದೆಲ್ಲಾ ಇರಲಿ ಬಿಡಲೇ, ಇಲ್ಲಿ ಇರೂ ನಮ್ಮ ಕನ್ನಡದ ಮಂದಿ ಯಾರ್ ಮನಿ ಬದಲಿ ಮಾಡಿದ್ರೂ ನನಗ ಫೋನ್ ಮಾಡ್ತಾರ." ಹತ್ತ ಸಾವಿರ ಕಿಲೋಮೀಟರಿನ ಆಚೆ, 280 ಕುದರಿ, ಎರಡ್ ಟರ್ಬೊ, ಮತ್ತ ಅದ ಮಾತು. ಹಿಂದ ಜಾಗ ಐತಲ್ಲ. ಇಬ್ಬರೂ ಫೋನಿನಾಗ ಐದ್ ನಿಮಿಷ ನಕ್ವಿ, ಅಳೂದ ಬಿಟ್ಟು.

ನಮ್ಮ ತಮ್ಮ ಹೇಳ್ತಾನ, "ದಾದಾ, ಮಾರಿ ಒಂದ್ ಎಸ್‌ಯುವಿ ತಗೋ, ಎತ್ತರ ಇರ್ತೈತಿ, ಹಂಪ್ಸ್ ಹತ್ತೂದಿಲ್ಲ, ಎಸಿ ತಂಪ ಕೊಡ್ತೈತಿ, ಮಂದೀನೂ ಮರ್ಯಾದಿ ಕೊಡ್ತಾರ." ಮಾತು ಖರೇ ಐತಿ. ನಮ್ಮೂರಿನ ಮಳಿ, ಮಳಿ ಆದ ಮ್ಯಾಲಿನ ತಗ್ಗು, ಇದಕ್ಕ ಎತ್ತರದ ಗಾಡೀನ ಶಾಣ್ಯಾತನ. ಆದ್ರ ಅವನ ಗಾಡಿ ಓಡಸೀನಿ ನಾ. ಸ್ಟೇರಿಂಗ್ ತಿರುವಿದ್ರ ಗಾಡಿ ಒಂದ್ ಗಳಿಗಿ ವಿಚಾರ ಮಾಡಿ ತಿರುಗತೈತಿ, ಸರಕಾರಿ ಕಡತ ಇದ್ದಂಗ. ಏಳ್ ಮಂದಿ ಕುಂದರಬಹುದು ಅಂತಾನ, ಏಳ್ ಮಂದಿ ಕುಂತರ ಹಿಂದ ಒಂದ್ ಕೊಡಪಾನ ಇಡಾಕ ಜಾಗಿಲ್ಲ, ಆ ಏಳ್ ಮಂದಿ ಬ್ಯಾಗ್ ಯಾರ ಗಾಡ್ಯಾಗ ಬರ್ತಾವ ಹೇಳ್ರಿ. ಸಾಕು, ಈ ವಿಷಯಾ ಮುಗೀತು.

ಒಂದ್ ವಿಷಯ ಇಲ್ಲಿತನಕ ಬರದಿಲ್ಲ, ಬರೀಬೇಕೋ ಬ್ಯಾಡೋ ಗೊತ್ತಿಲ್ಲ. 2019ಕ್ಕ ನಾ ಈ ಗಾಡಿ ಮಾರಿದ್ದೆ. ಮನಿ ಸಾಲ, ಮಗಳ ಸಾಲಿ ಫೀ, ಒಂದ ಸಲ ಬಂದ್ವು. ನಿಪ್ಪಾಣಿ ಕಡೆ ಒಬ್ಬ ಹಾಲಿನ ವ್ಯಾಪಾರದವರು ತಗೊಂಡ್ರು. ಐದ್ ತಿಂಗಳು ನಾ ಆ ಹೈವೇದಾಗ ಹೋದಾಗೊಮ್ಮೆ ಎದುರಿಗೆ ಬರೂ ಗಾಡಿ ಮಾರೀನ ನೋಡ್ತಿದ್ದೆ. ಒಂದ್ ದಿವಸ ಸಂಕೇಶ್ವರದ ಹತ್ರ ಕಂಡ್ತು. ಹಿಂದ ಆರ್ ಹಾಲಿನ ಕ್ಯಾನು, ಮ್ಯಾಲ ಹಿಂಡಿ ಚೀಲ, ಗಾಡಿ ನೆಟ್ಟಗ ನಿಂತಿತ್ತು, ಹಂಪ್ಸ್ ಮ್ಯಾಲ ಹೂವ ಎತ್ತಿದಂಗ ಎತ್ತಿ ಇಳಸಿ ಹೋತು. ಅಂವ ನನ್ನ ಸ್ಪ್ರಿಂಗ್ ಬಿಚ್ಚಿ ಹಳೇ ಕಂಪನಿ ಸ್ಪ್ರಿಂಗ್ ಹಾಕ್ಕೊಂಡಿದ್ದ, ಡಿಕ್ಯಾಗ ನಾನ ಕೊಟ್ಟಿದ್ದೆ ಅವನ್ನ. ಅಷ್ಟ್ ಸಮಾಧಾನದಲೆ ಹೋಗೂದನ್ನ ನನ್ನ ಕೈಯಾಗಿದ್ದಾಗ ನಾ ಒಮ್ಮೇನೂ ನೋಡಿದ್ದಿಲ್ಲ. ಹೊಟ್ಟಿ ಉರೀತು, ಯಾವದಕ್ಕಂತ ಈಗಲೂ ಹೇಳಾಕ ಬರೂದಿಲ್ಲ.

ಎರಡ್ ವಾರ ಬಿಟ್ಟು ಹೋಗಿ ಕೊಟ್ಟದಕಿಂತ ಮೂವತ್ತ ಸಾವಿರ ಜಾಸ್ತಿ ಕೊಟ್ಟು ತಂದೆ. ಅಂವ ಚಾ ಕುಡಿಸಿ "ಗಾಡಿ ಲಕ್ಷ್ಮಿ ಇದ್ದಂಗ ಐತ್ರಿ, ಯಾಕ್ ಮಾರಿದ್ರಿ?" ಅಂತ ನನಗ ಕೇಳಿದ. ನಿಪ್ಪಾಣಿಯಿಂದ ಬೆಳಗಾವಿ ತನಕ ಹೇಣ್ತಿ ಬಾಜೂದಾಗ ನಿದ್ದಿ ಹೊಡದ್ಲು, ಆ ಗಾಡ್ಯಾಗ ಅಕಿ ನಿದ್ದಿ ಮಾಡಿದ್ದು ಅದ ಮೊದಲು. ಮುಂದಿನ ರವಿವಾರ ನಾ ಜಾಕ್ ಹಚ್ಚಿ ಮತ್ತ ನನ್ನ ಸ್ಪ್ರಿಂಗ್ ಹಾಕಿದೆ. ಕಂಪನಿವು ಅಟ್ಟದ ಮ್ಯಾಲ ಗೋಣಿ ಚೀಲದಾಗ ಅದಾವ. ಹೇಣ್ತಿ ವರ್ಷಕ್ಕೊಮ್ಮೆ ಅಟ್ಟ ಬಳಿಯೂವಾಗ ಆ ಚೀಲ ಕೆಳಗ ಇಳಸಿ ನನ್ನ ಮುಂದ ಇಡ್ತಾಳ, ಏನೂ ಮಾತಾಡೂದಿಲ್ಲ, ನಾ ಹೊಳ್ಳಿ ಮ್ಯಾಲ ಇಡ್ತೀನಿ.

ಹಾಂ, ತಿಜೋರಿ. ಒಯ್ದೆ. ಒಯ್ಯಲಾರದ ಏನು ಮಾಡ್ಲಿ, ಕಾಕೂ ಬಂದು "ನೀ ಇದ್ದೀ ಅಂತ ಧೈರ್ಯ ತಮ್ಮಾ" ಅಂದ್ಲು. ನಾಕ್ ಮಂದಿ ಎತ್ತಿದ್ರು, ಎಡಗಡೆ ಲೈಟಿಗೆ ನಾ ಎರಡ್ ದಪ್ಪ ರಜಾಯಿ ಸುತ್ತಿ ಅದರ ಮುಂದ ನನ್ನ ಹೊಟ್ಟಿ ಕೊಟ್ಟು ನಿಂತೆ. ಹಿಂದಿನ ಬಾಗಲಾ ಪೂರಾ ಮುಚ್ಚಲಿಲ್ಲ, ಹಗ್ಗ ಕಟ್ಟಿದ್ವಿ. ಬಾಗಲಾ ತೆರದ ಓಡಿದ್ರ ಸೈಲೆನ್ಸರಿನ ಹೊಗಿ ಹಿಂದಿಂದ ಹೊಳ್ಳಿ ಒಳಗನ ಬರ್ತೈತಿ, ಅದು ಗೊತ್ತಿತ್ತು, ನಾಕೂ ಕಾಜು ಇಳಸಿಕೊಂಡು ಹೊಂಟ್ವಿ. ಕಾಕಾ ಮುಂದಿನ ಸೀಟಿನಾಗ, ತೆಲಿಗೆ ಟವೆಲ್ ಸುತ್ತಕೊಂಡು. ಕಾಕತಿ ದಾಟಿ ವಂಟಮುರಿ ಘಾಟ್ ಹತ್ತೂವಾಗ ಥರ್ಡ್ ಗೇರಿಗೆ ಹಾಕಿ ಸಲ್ಪ ತುಳದೆ, ನಾಕ್ ಸಾವಿರ ಆರ್‌ಪಿಎಂ ದಾಟಿತು, ಹಿಂದ ತಿಜೋರಿ ಸೈಲೆನ್ಸರಿನ ಗುಂಗಿಗೆ ದನಿಗೂಡಿಸಿ ಝಣಝಣ ಅನ್ನಾಕತ್ತು, ಒಂದ್ ಎಸ್‌ಯುವಿನ ಹಿಂದ ಹಾಕಿದೆ. ತಿಜೋರಿ ಹೊತ್ಕೊಂಡು! ಕಾಕಾ ಹಿಡಕಿ ಗಟ್ಟಿ ಹಿಡಕೊಂಡು ನನ್ನ ಕಡೆ ನೋಡಿದ್ರು. "ಏ ತಮ್ಮಾ, ಇದು ಓಡತೈತಲ್ಲೋ!" ಅಂದ್ರು.

ಹನ್ನೆರಡ ವರ್ಷದಾಗ ಒಬ್ಬರು. ಒಬ್ಬರ ಅಂದ್ರು.

ಹೈವೇ ಬಿಟ್ಟು ಹುಕ್ಕೇರಿ ಕಡೆ ತಿರುಗಿದ ಮ್ಯಾಲ ಹಂಪ್ಸ್ ಶುರು ಆದ್ವು, ಕರ್ರ್, ಕರ್ರ್, ಕಾಕಾ ಪ್ರತಿ ಸಲ "ಏನದು?" ಅಂತ ಕೇಳಿದ್ರು, ನಾ ಪ್ರತಿ ಸಲ "ರಸ್ತೆ ಸರಿ ಇಲ್ರಿ" ಅಂದೆ. ಮಗಳ ಮನ್ಯಾಗ ಹೋಳಗಿ ಊಟ ಆತು. ಬರೂವಾಗ ಎಡಗಡೆ ಲೈಟು ಬೆಳಗಾವಿ ತನಕ ಆರ್ ಸಲ ಇಳದು ನೋಡೀನಿ, ಗೆರಿ ಸುದ್ದಾ ಬಿದ್ದಿಲ್ಲ. ಟೈರಿನ ಒಳಗಿನ ಅಂಚು ಮಾತ್ರ ತಿಕ್ಕಿಸಿಕೊಂಡು ಉಣ್ಣಿ ಉಣ್ಣಿ ಎದ್ದೈತಿ, ನೋಡಬಾರದು ಅದನ್ನ.

ಕಾಕಾ ಟೇಪ್ ಗಾಡ್ಯಾಗ ಬಿಟ್ಟು ಹೋಗ್ಯಾರ. ರಾತ್ರಿ ಊಟಾದ ಮ್ಯಾಲ ಅದನ್ನ ತಗೊಂಡು ಹೋಗಿ ಫೆಂಡರಿನ ಗ್ಯಾಪ್ ಅಳದೆ, ಮೊದಲಿಗಿಂತ ಆರ್ ಎಂಎಂ ಕಮ್ಮಿ ಬಂತು. ಮತ್ತೊಮ್ಮೆ ಅಳದೆ. ಅಷ್ಟ.

ಅವರ ಮಗ ಇದನ್ನ ಓದಾಕತ್ತಿದ್ರ ನಿಮ್ಮಪ್ಪಗ ಹೇಳು, ಟೇಪ್ ನನ್ನ ಹತ್ರ ಐತಿ, ಯಾವಾಗರ ಬಂದು ಒಯ್ಲಿ. ಇನ್ನ ಪಲ್ಲಂಗ ಒಂದ್ ಒಯ್ಯೂದೈತಿ ಅಂದಿದ್ರಲ್ಲ, ಆ ವಿಷಯ ಮಾತ್ರ ಈ ಶನಿವಾರ ಕೇಳೂದು ಬ್ಯಾಡ ಅನ್ನು, ಬೈಲಹೊಂಗಲದಿಂದ ಅತ್ತಿ ಮನಿ ಜ್ವಾಳ ತರೂದೈತಿ.